ಲ್ಯಾಂಪಿಗೆ ದುಡ್ಡು ಬಂತು, ಡಬ್ಬಕ್ಕೆ ಬರಲಿಲ್ಲ: ಬೈಕಿನ ಹೆಚ್ಚುವರಿ ಫಿಟ್ಟಿಂಗುಗಳಿಗೆ ಇನ್ಶೂರೆನ್ಸ್ ಕ್ಲೈಮ್ ಮಾಡಿದ ಪೂರ್ತಿ ಲೆಕ್ಕ

ಜುಲೈ 12ರಂದು ಬೈಕ್ ಬಿತ್ತು. ಆಗಸ್ಟ್ 22ರಂದು ಕೊನೆಯ ದುಡ್ಡು ಖಾತೆಗೆ ಬಂತು. ನಡುವಿನ 41 ದಿನಗಳಲ್ಲಿ ಯಾವ ಕಾಗದ ಕೆಲಸಕ್ಕೆ ಬಂತು, ಯಾವುದಕ್ಕೆ ಬೆಲೆಯೇ ಇರಲಿಲ್ಲ, ಎಲ್ಲೆಲ್ಲಿ ದುಡ್ಡು ಸೋರಿತು ಎನ್ನುವುದೆಲ್ಲ ಇನ್ನೂ ಹಸಿಯಾಗಿ ನೆನಪಿದೆ, ಹಾಗಾಗಿ ಈಗಲೇ ಬರೆದಿಡುತ್ತಿದ್ದೇನೆ. ಬೈಕಿಗೆ ಕ್ರ್ಯಾಶ್ ಗಾರ್ಡ್, ಆಕ್ಸ್ ಲೈಟ್ (ಹೆಚ್ಚುವರಿ ದೀಪ), ರ್‍ಯಾಕ್ ಹಾಕಿಸಿಕೊಂಡು "ಫುಲ್ ಇನ್ಶೂರೆನ್ಸ್ ಇದೆಯಲ್ಲ" ಎಂದು ನಿಶ್ಚಿಂತೆಯಿಂದ ಇರುವವರಿಗಾಗಿ ಈ ಬರಹ.

ಬೈಕ್ 411 ಸಿಸಿಯ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, ಡಿಸೆಂಬರ್ 2022ರದ್ದು, ಬೆಂಗಳೂರು ನೋಂದಣಿ. ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾದ್ದರಿಂದ (350 ಸಿಸಿ ಮೇಲ್ಪಟ್ಟದ್ದಕ್ಕೆ 15,117 ರೂ. ಮತ್ತು ಜಿಎಸ್‌ಟಿ) ಅದು 2027ರವರೆಗೆ ಇದೆ. ಪ್ರತಿ ವರ್ಷ ಹೊಸದಾಗಿ ಮಾಡಿಸಬೇಕಾದ್ದು ಓನ್ ಡ್ಯಾಮೇಜ್ (ಸ್ವಂತ ಬೈಕಿನ ಹಾನಿಯ ವಿಮೆ) ಮಾತ್ರ. ಫಿಟ್ಟಿಂಗುಗಳ ಮಾತೆಲ್ಲ ಬರುವುದು ಈ ಓನ್ ಡ್ಯಾಮೇಜ್ ಪಾಲಿಸಿಯಲ್ಲಿ. ಬರೀ ಥರ್ಡ್ ಪಾರ್ಟಿ ಇರುವವರು ಮುಂದೆ ಓದಿ ಪ್ರಯೋಜನವಿಲ್ಲ, ಅವರಿಗೆ ಸ್ವಂತ ಬೈಕಿನ ಒಂದು ಇಂಡಿಕೇಟರಿಗೂ ದುಡ್ಡು ಸಿಗದು.

ಫಿಟ್ಟಿಂಗುಗಳನ್ನು ಹಾಕಿಸಿದ್ದು ಮೇ 2024ರಲ್ಲಿ. ವಿಮೆಯ ಭಾಷೆಯಲ್ಲಿ ಅವು ಎರಡು ಜಾತಿ. ಕರೆಂಟು ಹರಿಯುವುದು ಒಂದು, ಹರಿಯದ್ದು ಇನ್ನೊಂದು. ಕರೆಂಟಿನದು: ಜೋಡಿ ಫಾಗ್ ಲ್ಯಾಂಪ್ 9,200, ವೈರಿಂಗ್ ಹಾರ್ನೆಸ್ ಮತ್ತು ಸ್ವಿಚ್ 2,300, ಯುಎಸ್‌ಬಿ ಚಾರ್ಜರ್ 1,500, ಒಟ್ಟು 13,000. ಉಳಿದದ್ದು: ಕ್ರ್ಯಾಶ್ ಗಾರ್ಡ್ 5,500, ಬ್ಯಾಶ್ ಪ್ಲೇಟ್ (ಎಂಜಿನ್ ಅಡಿಯ ರಕ್ಷಣಾ ತಟ್ಟೆ) 3,800, ಹ್ಯಾಂಡ್ ಗಾರ್ಡ್ ಜೋಡಿ 3,200, ಎತ್ತರದ ವಿಂಡ್‌ಸ್ಕ್ರೀನ್ 2,900, ಪಕ್ಕದ ರ್‍ಯಾಕ್ ಜೋಡಿ 7,600, ಅದಕ್ಕೆ ಅಲ್ಯೂಮಿನಿಯಂ ಡಬ್ಬ ಎರಡು 24,000. ಇದಲ್ಲದೆ 18,500 ರೂ.ಗಳ ಹೊರಗಿನ ಸೈಲೆನ್ಸರ್ ಒಂದಿತ್ತು. ಅದರ ಕಥೆ ಮುಂದೆ ಬರುತ್ತದೆ, ಒಳ್ಳೆಯ ಕಥೆಯಲ್ಲ.

ಇವುಗಳನ್ನು ಪಾಲಿಸಿಯೊಳಗೆ ತಂದದ್ದು ಡಿಸೆಂಬರ್ 2024ರ ನವೀಕರಣದಲ್ಲಿ. ಮೇ ತಿಂಗಳಲ್ಲೇ ಎಂಡಾರ್ಸ್‌ಮೆಂಟ್ ಮಾಡಿಸಬಹುದಿತ್ತು. ಪಾಲಿಸಿ ನಡೆಯುತ್ತಿರುವಾಗಲೇ ಅರ್ಜಿ ಕೊಟ್ಟು, ಉಳಿದ ದಿನಗಳಿಗಷ್ಟೇ ಪ್ರೀಮಿಯಂ ಕಟ್ಟಿ ಸೇರಿಸುವ ದಾರಿ ಇದೆ. ಉದಾಸೀನದಿಂದ ಬಿಟ್ಟಿದ್ದು, ಏಳು ತಿಂಗಳು ರಕ್ಷಣೆಯಿಲ್ಲದೆ ಓಡಿದೆ.

ಆನ್‌ಲೈನಿನಲ್ಲಿ ನವೀಕರಿಸುವಾಗ ಮೊದಲ ಅಡ್ಡಿ. ಕಾರಿನ ಪುಟದಲ್ಲಿ ಎಲೆಕ್ಟ್ರಿಕಲ್, ನಾನ್-ಎಲೆಕ್ಟ್ರಿಕಲ್ ಆಕ್ಸೆಸರಿ ಎಂಬ ಎರಡು ಖಾನೆ ಎದ್ದು ಕಾಣುತ್ತವೆ. ದ್ವಿಚಕ್ರದ ಪುಟದಲ್ಲಿ ಆ ಖಾನೆಗಳೇ ಇರಲಿಲ್ಲ. ಕಾಲ್ ಸೆಂಟರಿನವರು "ಐಡಿವಿ ಸ್ವಲ್ಪ ಜಾಸ್ತಿ ಹಾಕಿಕೊಳ್ಳಿ ಸರ್, ಎಲ್ಲ ಕವರ್ ಆಗುತ್ತೆ" ಎಂದರು. ಈ ಮಾತನ್ನು ನಂಬಬೇಡಿ. ಐಡಿವಿ, ಅಂದರೆ ವಾಹನಕ್ಕೆ ಪಾಲಿಸಿಯಲ್ಲಿ ಘೋಷಿಸಿದ ವಿಮಾ ಮೌಲ್ಯ, ಬೈಕ್ ಕಂಪನಿ ಪಟ್ಟಿ ಮಾಡಿದ ಮಾರಾಟ ಬೆಲೆಯ ಮೇಲೆ ಕಟ್ಟಿದ ಅಂಕಿ. ಆ ಬೆಲೆಯಲ್ಲಿ ಸೇರದ ವಸ್ತುವಿನ ಮೌಲ್ಯವನ್ನು ಬೇರೆಯಾಗಿ ತೋರಿಸಬೇಕು. ಬೈಕಿನ ಐಡಿವಿ ಎಷ್ಟೇ ಉಬ್ಬಿಸಿದರೂ ಶೆಡ್ಯೂಲಿನಲ್ಲಿ (ಪಾಲಿಸಿಯ ವಿವರಪಟ್ಟಿಯಲ್ಲಿ) ಲ್ಯಾಂಪಿನ ಹೆಸರು ಬರದಿದ್ದರೆ ಲ್ಯಾಂಪಿಗೆ ವಿಮೆಯಿಲ್ಲ. ಶೋರೂಮಿನಲ್ಲೇ ಹಾಕಿಸಿದ ಕಂಪನಿಯ ಅಸಲಿ ಆಕ್ಸೆಸರಿಗೂ ಇದೇ ನಿಯಮ. ಡೀಲರ್ ಬಿಲ್ಲಿನಲ್ಲಿದ್ದ ಮಾತ್ರಕ್ಕೆ ಪಾಲಿಸಿಯಲ್ಲಿದೆ ಎಂದಲ್ಲ.

ಆನ್‌ಲೈನ್ ಬಿಟ್ಟು ಬ್ರಾಂಚಿಗೆ ಇಮೇಲ್ ಬರೆದೆ. ಕೇಳಿದ್ದು ಎರಡೇ. ಎಲೆಕ್ಟ್ರಿಕಲ್ ವಸ್ತುಗಳನ್ನು ಐಎಂಟಿ 24ರ ಅಡಿ ಸೇರಿಸಿ, ಉಳಿದವುಗಳ ಮೌಲ್ಯವನ್ನು ಐಡಿವಿಗೆ ಕೂಡಿಸಿ ಶೆಡ್ಯೂಲಿನಲ್ಲಿ ಪ್ರತ್ಯೇಕ ಸಾಲಿನಲ್ಲಿ ತೋರಿಸಿ. ಐಎಂಟಿ ಎಂದರೆ ಇಂಡಿಯನ್ ಮೋಟಾರ್ ಟ್ಯಾರಿಫ್, 2002ರದ್ದು. ಓನ್ ಡ್ಯಾಮೇಜಿನ ದರ 2007ರಿಂದ ಮುಕ್ತವಾಗಿದ್ದರೂ ಎಂಡಾರ್ಸ್‌ಮೆಂಟುಗಳ ಸಂಖ್ಯೆ ಮತ್ತು ಒಕ್ಕಣೆ ಇಂದಿಗೂ ಅದರದ್ದೇ. ಸಂಖ್ಯೆ ಹಿಡಿದು ಕೇಳಿದ ಮೇಲೆ ಉತ್ತರ ಬೇಗ ಬಂತು.

ಬ್ರಾಂಚ್ ಕೇಳಿದ್ದು ಪ್ರತಿ ವಸ್ತುವಿನ ಜಿಎಸ್‌ಟಿ ಬಿಲ್ಲು, ನಾಲ್ಕು ಬದಿಯ ಫೋಟೋ, ಚಾಸಿ ನಂಬರ್ ಮತ್ತು ಓಡೋಮೀಟರ್ ಒಂದೇ ಓಟದಲ್ಲಿ ಕಾಣುವ ವಿಡಿಯೋ. ಬಿಲ್ಲಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಾಗಲಿ ಬೇರೆಲ್ಲಾಗಲಿ ಕೇಳದೇ ಇದ್ದರೆ ಕೈಗೆ ಬರುವುದು 'ಎಸ್ಟಿಮೇಟ್' ಎಂದು ಮೇಲೆ ಅಚ್ಚಾದ ಚೀಟಿ. ಅದು ಬಿಲ್ಲಲ್ಲ. ಅಂಗಡಿಯ ಜಿಎಸ್‌ಟಿ ಸಂಖ್ಯೆ, ವಸ್ತುವಿನ ಹೆಸರು ಮತ್ತು ಮಾಡೆಲ್, ಲ್ಯಾಂಪಾದರೆ ಸೀರಿಯಲ್ ನಂಬರ್, ಜೊತೆಗೆ ನಿಮ್ಮ ಬೈಕಿನ ನೋಂದಣಿ ಸಂಖ್ಯೆ, ಇಷ್ಟನ್ನೂ ಬರೆಸಿಕೊಳ್ಳಿ. ನೋಂದಣಿ ಸಂಖ್ಯೆ ಇಲ್ಲದ ಬಿಲ್ಲಿಗೆ "ಇದು ಈ ಬೈಕಿಗೇ ಹಾಕಿದ್ದು ಎಂದು ಹೇಗೆ ನಂಬುವುದು" ಎಂಬ ಪ್ರಶ್ನೆ ಬಂದೇ ಬರುತ್ತದೆ. ನನ್ನ ಬ್ಯಾಶ್ ಪ್ಲೇಟಿನ ಬಿಲ್ಲಿಗೆ ಬಂತು. ಅಂಗಡಿಗೆ ಮತ್ತೆ ಹೋಗಿ ಬರೆಸಿ ಸೀಲ್ ಹಾಕಿಸಿ ತಂದದ್ದಾಯಿತು.

ಡಬ್ಬಗಳಲ್ಲಿ ಸೋತೆ. ಬೀಗ ತಿರುಗಿಸಿದರೆ ಕೈಗೆ ಬರುವುದು ಲಗೇಜು, ವಾಹನಕ್ಕೆ ಜೋಡಿಸಿದ್ದಲ್ಲ ಎಂದು ಬ್ರಾಂಚಿನ ವಾದ. ರ್‍ಯಾಕ್ ಬೋಲ್ಟಿನಲ್ಲಿ ಕೂತಿದೆ, ಅದನ್ನು ಒಪ್ಪಿದರು. 24,000 ಅಲ್ಲಿಗೇ ಹೋಯಿತು. ಉಳಿದ ನಾನ್-ಎಲೆಕ್ಟ್ರಿಕಲ್ 23,000. ಎಲ್ಲವೂ ಆರು ತಿಂಗಳು ದಾಟಿ ವರ್ಷದೊಳಗಿನವಾದ್ದರಿಂದ 15% ಸವಕಳಿ ಕಳೆದು ಎಲೆಕ್ಟ್ರಿಕಲ್ 11,050, ನಾನ್-ಎಲೆಕ್ಟ್ರಿಕಲ್ 19,550 ಎಂದು ನಿಂತಿತು. ಎಲೆಕ್ಟ್ರಿಕಲ್ಲಿಗೆ 4%, ಅಂದರೆ 442 ರೂ. ಉಳಿದದ್ದಕ್ಕೆ ಬೈಕಿನದೇ ದರ. ಹಳೆಯ ಟ್ಯಾರಿಫಿನಲ್ಲಿ ಬೆಂಗಳೂರು ಎ ವಲಯ, 350 ಸಿಸಿ ಮೇಲ್ಪಟ್ಟದ್ದಕ್ಕೆ 1.879%, ಅಂದರೆ 367 ರೂ. 18% ಜಿಎಸ್‌ಟಿ ಸೇರಿ ವರ್ಷಕ್ಕೆ 955 ರೂ. ಇದು ರಿಯಾಯಿತಿ ಮತ್ತು ನೋ ಕ್ಲೈಮ್ ಬೋನಸ್ (ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ಕಡಿತ) ಹಿಡಿಯದ ಲೆಕ್ಕ. ನಿಮ್ಮ ಕಂಪನಿಯ ದರ ಇದಕ್ಕಿಂತ ಆಚೀಚೆ ಇರಬಹುದು. ಬೈಕಿನ 1,50,500 ಸೇರಿ ಒಟ್ಟು ಐಡಿವಿ 1,81,100 ಆಯಿತು. ಬೈಕೇ ಕಳುವಾದರೆ, ಅಥವಾ ರಿಪೇರಿ ಖರ್ಚು ಐಡಿವಿಯ 75% ದಾಟಿ ಟೋಟಲ್ ಲಾಸ್ ಎನಿಸಿದರೆ, ಎಣಿಕೆಗೆ ಬರುವುದು ಈ ದೊಡ್ಡ ಅಂಕಿ.

ಕಳ್ಳತನದ ವಿಷಯದಲ್ಲಿ ಒಂದು ಗುಂಡಿ ಇದೆ. ದ್ವಿಚಕ್ರ ಪಾಲಿಸಿಯ ಮೂಲ ಒಕ್ಕಣೆಯಲ್ಲೇ ಬರೆದಿದೆ: ಆಕ್ಸೆಸರಿ ಮಾತ್ರ ಕಳುವಾದರೆ ಪರಿಹಾರವಿಲ್ಲ, ಬೈಕೂ ಅದರೊಂದಿಗೇ ಕಳುವಾಗಿರಬೇಕು. ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ರಾತ್ರೋರಾತ್ರಿ ಲ್ಯಾಂಪ್ ಬಿಚ್ಚಿಕೊಂಡು ಹೋದರೆ ಐಎಂಟಿ 24 ಇದ್ದರೂ ಕೆಲಸಕ್ಕೆ ಬಾರದು. ಅದಕ್ಕೆಂದೇ ದ್ವಿಚಕ್ರಕ್ಕೆ ಮೀಸಲಾದ ಐಎಂಟಿ 33 ಇದೆ, ಹೆಚ್ಚುವರಿ ಪ್ರೀಮಿಯಂ ಮೇಲೆ. ನಮ್ಮ ಬ್ರಾಂಚಿನಲ್ಲಿ ಅದನ್ನು ಕೇಳಿದಾಗ "ಸಿಸ್ಟಮಿನಲ್ಲಿ ಬರುತ್ತಿಲ್ಲ" ಎಂದರು, ಅಲ್ಲಿಗೆ ಬಿಟ್ಟೆ. ಲ್ಯಾಂಪಿಗೆ ಆಂಟಿ-ಥೆಫ್ಟ್ ನಟ್ ಹಾಕಿಸಿದೆ, 350 ರೂ.

ಇನ್ನು ಬಿದ್ದ ದಿನ. ಶನಿವಾರ, ಮಳೆ, ಚಾರ್ಮಾಡಿ ಘಾಟಿಯಲ್ಲಿ ಕೊಟ್ಟಿಗೆಹಾರದಿಂದ ಕೆಳಗಿಳಿಯುವ ತಿರುವು. ಬೈಕ್ ಎಡಕ್ಕೆ ಜಾರಿತು. ಮನುಷ್ಯರಿಗೆ ಏನೂ ಆಗಲಿಲ್ಲ, ಬೇರೆ ವಾಹನವೂ ಇರಲಿಲ್ಲ. ಹಾಗಾಗಿ ಎಫ್‌ಐಆರ್ ಬೇಕಾಗಲಿಲ್ಲ. ಮೂರನೆಯವರಿಗೆ ಗಾಯವಾದರೆ, ಆಸ್ತಿ ಹಾನಿಯಾದರೆ, ಬೈಕ್ ಕಳುವಾದರೆ ಬೇಕೇ ಬೇಕು. ಎತ್ತಿ ನಿಲ್ಲಿಸುವ ಮೊದಲು ಆರೇಳು ಫೋಟೋ ತೆಗೆದದ್ದು ಮುಂದೆ ಬಹಳ ಉಪಕಾರಕ್ಕೆ ಬಂತು. ಬಿದ್ದ ಜಾಗದ ರಸ್ತೆ, ಕ್ರ್ಯಾಶ್ ಗಾರ್ಡ್ ನೆಲಕ್ಕೆ ತಾಗಿರುವುದು, ಲ್ಯಾಂಪಿನ ಚೂರು, ನಂಬರ್ ಪ್ಲೇಟ್, ಎಲ್ಲವೂ ಚೌಕಟ್ಟಿನೊಳಗೆ ಬರುವಂತೆ. ನೆಟ್‌ವರ್ಕ್ ಸಿಕ್ಕಿದ್ದು ಕೆಳಗೆ ಉಜಿರೆಯ ಹತ್ತಿರ ಬಂದ ಮೇಲೆ, ಅಲ್ಲಿಂದಲೇ ಕ್ಲೈಮ್ ನಂಬರ್ ಪಡೆದೆ.

ಮಂಗಳೂರಿನ ವರ್ಕ್‌ಶಾಪಿಗೆ ಸಾಗಿಸಲು 4,800 ರೂ. ಪಾಲಿಸಿ ಇದಕ್ಕೆ ಕೊಡುವುದೆಷ್ಟು ಗೊತ್ತೇ? ದ್ವಿಚಕ್ರಕ್ಕೆ ಗರಿಷ್ಠ 300 ರೂ. ರೋಡ್‌ಸೈಡ್ ಅಸಿಸ್ಟೆನ್ಸ್ ಸೇರಿಸಿಕೊಳ್ಳದೆ ಉಳಿಸಿದ ನೂರಿನ್ನೂರು ರೂಪಾಯಿ ಇಲ್ಲಿ ಬಡ್ಡಿ ಸಮೇತ ಹೋಯಿತು.

ವರ್ಕ್‌ಶಾಪಿನಲ್ಲಿ ಎರಡನೆಯ ಅಡ್ಡಿ, ಮತ್ತು ಇದನ್ನು ಯಾರೂ ಮುಂಚೆ ಹೇಳುವುದಿಲ್ಲ. ಅಧಿಕೃತ ವರ್ಕ್‌ಶಾಪಿನ ಎಸ್ಟಿಮೇಟಿನಲ್ಲಿ ಬರುವುದು ಅವರ ಪಾರ್ಟ್ ನಂಬರ್ ಇರುವ ಬಿಡಿಭಾಗಗಳು ಮಾತ್ರ. ಹೊರಗಿನ ಲ್ಯಾಂಪು, ರ್‍ಯಾಕು ಅವರ ಸಾಫ್ಟ್‌ವೇರಿನಲ್ಲೇ ಇರುವುದಿಲ್ಲ. ಎಸ್ಟಿಮೇಟಿನಲ್ಲಿ ಇಲ್ಲದ್ದನ್ನು ಸರ್ವೇಯರ್ (ಹಾನಿಯ ಲೆಕ್ಕ ಹಾಕಲು ವಿಮಾ ಕಂಪನಿ ಕಳಿಸುವವರು) ನೋಡುವುದೂ ಇಲ್ಲ. ಆದ್ದರಿಂದ ಸರ್ವೇಯರ್ ಬರುವ ಮುಂಚೆಯೇ ಆಕ್ಸೆಸರಿ ಅಂಗಡಿಯಿಂದ ಅದೇ ಮಾಡೆಲಿನ ಇವತ್ತಿನ ಬೆಲೆಯ ಕೊಟೇಶನ್ ತರಿಸಿ ಕೈಗಿಡಬೇಕು. ನಾನು ಭಾನುವಾರ ವಾಟ್ಸ್‌ಆ್ಯಪಿನಲ್ಲಿ ಬೇಡಿ ಪಿಡಿಎಫ್ ತರಿಸಿಕೊಂಡೆ. ಬೈಕಿನದು 31,900, ಫಿಟ್ಟಿಂಗುಗಳದು 18,400, ಆದರೂ ಇರಲಿ ಎಂದು ಒಂದು ಡಬ್ಬದ 12,000. ಒಟ್ಟು 50,000 ದಾಟಿದ್ದರಿಂದ ಪರವಾನಗಿಯಿರುವ ಸರ್ವೇಯರರೇ ಬರಬೇಕಿತ್ತು. ಐಆರ್‌ಡಿಎಐ (ವಿಮಾ ಕ್ಷೇತ್ರದ ನಿಯಂತ್ರಕ ಸಂಸ್ಥೆ) ಜೂನ್ 2024ರ ಸುತ್ತೋಲೆ ಪ್ರಕಾರ ಸರ್ವೇಯರ್ ನೇಮಕಕ್ಕೆ 24 ಗಂಟೆ, ವರದಿಗೆ 15 ದಿನ, ವರದಿ ಬಂದ ಮೇಲೆ ಕಂಪನಿಯ ತೀರ್ಮಾನಕ್ಕೆ 7 ದಿನ. ಈ ಮೂರು ಅಂಕಿ ಬಾಯಿಪಾಠವಿರಲಿ.

ಸೋಮವಾರ ಮಧ್ಯಾಹ್ನ ಸರ್ವೇಯರ್ ಬಂದರು. ಅಲ್ಲಿಯವರೆಗೆ ಒಂದು ಬೋಲ್ಟನ್ನೂ ಬಿಚ್ಚಬಾರದು. ಮುರಿದ ಲ್ಯಾಂಪನ್ನು "ನೇತಾಡುತ್ತಿದೆ" ಎಂದು ಮೆಕ್ಯಾನಿಕ್ ಕಿತ್ತು ಡಬ್ಬದೊಳಗೆ ಹಾಕಲು ಹೊರಟಿದ್ದ, ತಡೆದೆ. ಸರ್ವೇಯರ್ ಮೊದಲು ನೋಡಿದ್ದು ಸೀರಿಯಲ್ ನಂಬರ್, ಬಿಲ್ಲಿನದಕ್ಕೆ ತಾಳೆ ಹಾಕಿದರು. ಎರಡನೆಯದಾಗಿ ಟ್ಯಾಂಕ್ ಎತ್ತಿಸಿ ವೈರಿಂಗ್ ನೋಡಿದರು. ಪಾಲಿಸಿಯಲ್ಲಿ ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಹೊರಗಿಟ್ಟ ವಿಷಯ. ಬೈಕಿನ ಮೂಲ ವೈರನ್ನು ಕತ್ತರಿಸಿ, ಇನ್ಸುಲೇಷನ್ ಟೇಪ್ ಸುತ್ತಿ ಲ್ಯಾಂಪ್ ಜೋಡಿಸಿದ್ದರೆ ಹೆಡ್‌ಲೈಟಿನ ಹಾನಿಯನ್ನೂ ಅದರ ತಲೆಗೆ ಕಟ್ಟಲು ದಾರಿಯಾಗುತ್ತದೆ. ಇದರಲ್ಲಿ 40 ವಾಟಿನ ಎರಡು ಲ್ಯಾಂಪ್, 12 ವೋಲ್ಟಿಗೆ ಸುಮಾರು 6.7 ಆಂಪಿಯರ್. ಬ್ಯಾಟರಿಯಿಂದ ನೇರ ಲೈನು, 10 ಆಂಪಿಯರ್ ಫ್ಯೂಸ್, ರಿಲೇ, ಕಪ್ಲರ್. ಮೂಲ ವೈರಿಗೆ ಕತ್ತರಿ ತಾಗಿರಲಿಲ್ಲ. ಫೋಟೋ ತೆಗೆದುಕೊಂಡು ಸುಮ್ಮನಾದರು. ಅಂದಹಾಗೆ ಕೇಂದ್ರ ಮೋಟಾರು ವಾಹನ ನಿಯಮ 111 ಮುಂಭಾಗದ ಸ್ಪಾಟ್‌ಲೈಟನ್ನು ಒಪ್ಪುವುದಿಲ್ಲ. ಬಿಲ್ಲಿನಲ್ಲೂ ವಾಸ್ತವದಲ್ಲೂ ಅದು ಅಗಲ ಬೆಳಕಿನ ಫಾಗ್ ಲ್ಯಾಂಪೇ ಆಗಿದ್ದದ್ದು ಒಳ್ಳೆಯದಾಯಿತು.

ಮೂರನೆಯದು ಸೈಲೆನ್ಸರ್. ಅವರು ಬಗ್ಗಿ ನೋಡಿದರು, ಏನನ್ನೋ ಬರೆದುಕೊಂಡರು.

ಜುಲೈ 21ಕ್ಕೆ ಇಮೇಲ್ ಬಂತು. ವಾಹನದಲ್ಲಿ ಘೋಷಿಸದ ಮಾರ್ಪಾಡು ಕಂಡುಬಂದಿದೆ, ಕ್ಲೈಮ್ ಏಕೆ ತಿರಸ್ಕರಿಸಬಾರದು ಎಂಬುದಕ್ಕೆ ಏಳು ದಿನದಲ್ಲಿ ವಿವರಣೆ ಕೊಡಿ. ಪೂರ್ತಿ ಕ್ಲೈಮ್, ಬರೀ ಫಿಟ್ಟಿಂಗಿನದಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಬೇಕು, ಏಕೆಂದರೆ ತಪ್ಪು ಅರ್ಧ ನಮ್ಮದೇ.

ಇಲ್ಲಿ ಎರಡು ವಿಷಯ ಬೇರೆ ಬೇರೆ ಇಟ್ಟುಕೊಳ್ಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುವುದು, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಎಂದು. ಜನವರಿ 9, 2019ರಂದು ಸುಪ್ರೀಂ ಕೋರ್ಟ್ ಕೇರಳದ ಕೆ. ಜಯಚಂದ್ರ ಪ್ರಕರಣದಲ್ಲಿ ಇದನ್ನೇ ಗಟ್ಟಿ ಮಾಡಿತು. ಎಂಜಿನ್, ಇಂಧನ, ಬಣ್ಣ ಇಂಥವು ಆ ಸಾಲಿಗೆ ಬರುತ್ತವೆ. ಅವಕ್ಕೆ ಆರ್‌ಟಿಒ ಅನುಮತಿ, ಆರ್‌ಸಿಯಲ್ಲಿ ನಮೂದು ಬೇಕು. ಕ್ರ್ಯಾಶ್ ಗಾರ್ಡ್, ರ್‍ಯಾಕ್, ಬ್ಯಾಶ್ ಪ್ಲೇಟ್ ಹಾಕಿದರೆ ಆರ್‌ಸಿಯ ಯಾವ ಅಂಕಣವೂ ಬದಲಾಗುವುದಿಲ್ಲ. ಸೈಲೆನ್ಸರ್ ಮಾತ್ರ ಶಬ್ದ ಮತ್ತು ಹೊಗೆಯ ಮಾನದಂಡದ ಪ್ರಶ್ನೆ. 190(2)ನೇ ಕಲಂನಲ್ಲಿ 10,000 ರೂ.ವರೆಗೆ ದಂಡ, 182ಎ(4)ರಲ್ಲಿ ಅನುಮತಿಯಿಲ್ಲದ ಮಾರ್ಪಾಡಿಗೆ ತಲಾ 5,000 ರೂ. ಅದನ್ನು ಸಮರ್ಥಿಸಿಕೊಳ್ಳಲು ಹೋಗಲಿಲ್ಲ.

ಬರೆದ ಉತ್ತರ ಒಂದು ಪುಟ. ಸೈಲೆನ್ಸರ್ ಬದಲಾಗಿರುವುದು ನಿಜ. ಅದಕ್ಕೆ ಪರಿಹಾರ ಕೇಳಿಲ್ಲ. ಒದ್ದೆ ರಸ್ತೆಯಲ್ಲಿ ಮುಂದಿನ ಚಕ್ರ ಜಾರಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ, ಸ್ಥಳದ ಫೋಟೋ ಲಗತ್ತಿಸಿದೆ. ಉಳಿದ ಫಿಟ್ಟಿಂಗುಗಳು ಶೆಡ್ಯೂಲಿನಲ್ಲಿವೆ, ಪ್ರೀಮಿಯಂ ಕಟ್ಟಿದೆ. ಮೂಲ ಸೈಲೆನ್ಸರ್ ನನ್ನ ಬಳಿಯಿದೆ, ಮರಳಿ ಹಾಕಿಸುತ್ತೇನೆ. ಕೊನೆಗೆ 2010ರ ಅಮಲೇಂದು ಸಾಹು ತೀರ್ಪನ್ನು ಉಲ್ಲೇಖಿಸಿದೆ. ಪಾಲಿಸಿ ಷರತ್ತು ಮುರಿದಿದ್ದರೂ ಪೂರ್ತಿ ತಿರಸ್ಕರಿಸದೆ ನಾನ್-ಸ್ಟ್ಯಾಂಡರ್ಡ್ ಆಧಾರದ ಮೇಲೆ 75%ವರೆಗೆ ಕೊಡಬಹುದು ಎಂದು ಸುಪ್ರೀಂ ಕೋರ್ಟ್ ಓರಿಯೆಂಟಲ್ ಇನ್ಶೂರೆನ್ಸ್ ವಿರುದ್ಧದ ಆ ಮೊಕದ್ದಮೆಯಲ್ಲಿ ಹೇಳಿದೆ. ಇದು ಕೆಳಗಿನ ಮೆಟ್ಟಿಲು ಎಂಬಂತೆ ಇಟ್ಟದ್ದು, ಮೊದಲೇ 75%ಕ್ಕೆ ಒಪ್ಪಿಕೊಂಡಂತೆ ಬರೆಯಬೇಡಿ. ಫೋನಿನಲ್ಲಿ ಏನನ್ನೂ ವಿವರಿಸಲಿಲ್ಲ, ಎಲ್ಲ ಇಮೇಲಿನಲ್ಲೇ. ಉತ್ತರ ಸರಿ ಬರದಿದ್ದರೆ ಕಂಪನಿಯ ಕುಂದುಕೊರತೆ ಅಧಿಕಾರಿ, ಆಮೇಲೆ ಐಆರ್‌ಡಿಎಐ ದೂರು ಪೋರ್ಟಲ್ ಬಿಮಾ ಭರೋಸಾ, ಅಲ್ಲಿಂದ ಬೆಂಗಳೂರಿನ ಜೆ.ಪಿ. ನಗರದಲ್ಲಿರುವ ವಿಮಾ ಲೋಕಪಾಲರ ಕಚೇರಿ ಎಂಬ ದಾರಿ ಇತ್ತು. ಲೋಕಪಾಲರಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಮೊದಲು ಕಂಪನಿಗೆ ಬರೆದು ಒಂದು ತಿಂಗಳು ಕಾದಿರಬೇಕು. ಅಷ್ಟು ದೂರ ಹೋಗಬೇಕಾಗಲಿಲ್ಲ. ಜುಲೈ 31ಕ್ಕೆ ಮಂಜೂರಾತಿ ಬಂತು, ಪೂರ್ತಿ ಆಧಾರದ ಮೇಲೆ.

ಮಂಜೂರಾದ ಲೆಕ್ಕ ನೋಡಿ. ಜೀರೋ ಡೆಪ್ (ಸವಕಳಿ ಕಡಿತವಿಲ್ಲದ ಕವರ್) ಇರಲಿಲ್ಲ. ಬೈಕಿನ ಲೋಹದ ಭಾಗ 18,600ಕ್ಕೆ 15% ಕಡಿತ, 15,810. ಪ್ಲಾಸ್ಟಿಕ್, ರಬ್ಬರ್ 5,200ಕ್ಕೆ ಅರ್ಧ, 2,600. ಕೂಲಿ 4,500 ಪೂರ್ತಿ. ಟ್ಯಾಂಕಿನ ಪೇಂಟ್ 3,600ರಲ್ಲಿ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರ ಅರ್ಧ ಕಳೆಯುತ್ತಾರೆ, ಸಿಕ್ಕಿದ್ದು 3,150. ಒಟ್ಟು 26,060.

ಫಿಟ್ಟಿಂಗುಗಳಲ್ಲಿ ತಿಳಿಯಬೇಕಾದ್ದು, ಸವಕಳಿ ಎಣಿಸುವುದು ವಾಹನದ ವಯಸ್ಸಿಗೆ, ವಸ್ತುವಿನ ವಯಸ್ಸಿಗಲ್ಲ. ಕ್ರ್ಯಾಶ್ ಗಾರ್ಡಿಗೆ 14 ತಿಂಗಳು, ಬೈಕಿಗೆ ಎರಡೂವರೆ ವರ್ಷ ದಾಟಿತ್ತು, ಹಾಗಾಗಿ 15%. ಗಾರ್ಡ್ 5,500ಕ್ಕೆ 4,675. ಎಡ ರ್‍ಯಾಕ್ 3,800ಕ್ಕೆ 3,230. ಎಡ ಹ್ಯಾಂಡ್ ಗಾರ್ಡ್ 1,600ಕ್ಕೆ, ಪ್ಲಾಸ್ಟಿಕ್ ಆದ್ದರಿಂದ, 800. ವಿಂಡ್‌ಸ್ಕ್ರೀನನ್ನು ಬಿಲ್ಲಿನಲ್ಲಿ 'ಗ್ಲಾಸ್' ಎಂದು ಬರೆದಿದ್ದರು. ಗಾಜಿಗೆ ಸವಕಳಿ ಸೊನ್ನೆ, ಆಸೆ ಹುಟ್ಟಿತ್ತು. ಸರ್ವೇಯರ್ ಬೆರಳಿನಿಂದ ಒಮ್ಮೆ ತಟ್ಟಿ "ಅಕ್ರಿಲಿಕ್" ಎಂದರು, 2,900ಕ್ಕೆ 1,450. ಲ್ಯಾಂಪನ್ನೂ ಪ್ಲಾಸ್ಟಿಕ್ ಪಟ್ಟಿಗೆ ಹಾಕಿದ್ದರು. ಲೆನ್ಸ್ ಮಾತ್ರ ಪಾಲಿಕಾರ್ಬೊನೇಟ್, ಮೈಯೆಲ್ಲ ಅಲ್ಯೂಮಿನಿಯಂ ಎರಕ ಎಂದು ತಯಾರಕರ ಡೇಟಾಶೀಟ್ ಕಳಿಸಿದ ಮೇಲೆ 15%ಕ್ಕೆ ಇಳಿಸಿದರು. 4,600ಕ್ಕೆ 3,910. ಆ ಒಂದು ಇಮೇಲಿನ ಬೆಲೆ 1,610 ರೂ. ಫಿಟ್ಟಿಂಗುಗಳಿಗೆ ಒಟ್ಟು 14,065.

ವರ್ಕ್‌ಶಾಪಿನದು ಕ್ಯಾಶ್‌ಲೆಸ್. ಕಡ್ಡಾಯ ಕಡಿತ 100 ರೂ. ಕಳೆದು 25,960 ನೇರ ಅವರಿಗೆ ಹೋಯಿತು. ಆಕ್ಸೆಸರಿ ಅಂಗಡಿ ಯಾವ ನೆಟ್‌ವರ್ಕಿನಲ್ಲೂ ಇರುವುದಿಲ್ಲ, ಆದ್ದರಿಂದ ಆ ಭಾಗ ಕೈಯಿಂದ ಕೊಟ್ಟು ಆಮೇಲೆ ಪಡೆಯಬೇಕು. ಕೊಟೇಶನ್ ಸಾಲದು, ಕೊಂಡ ಹೊಸ ಬಿಲ್ಲು, ಹಾಕಿಸಿದ ಮೇಲಿನ ಫೋಟೋ, ರದ್ದಾದ ಚೆಕ್ ಹಾಳೆ, ಜೊತೆಗೆ ಮುರಿದ ಹಳೆಯ ವಸ್ತುಗಳು. ಹಳೆಯದನ್ನು ಎಸೆಯಬೇಡಿ, ಮರುಪರಿಶೀಲನೆಯಲ್ಲಿ ಕೇಳಿದರು. ಫೋರ್ಕ್ ಟ್ಯೂಬ್ ಬರಲು 11 ದಿನ ಹಿಡಿದು ಬೈಕ್ ಕೈಗೆ ಬಂದದ್ದು ಆಗಸ್ಟ್ 14ಕ್ಕೆ. ಟೋಯಿಂಗಿನ 300 ಸೇರಿ 14,365 ಬಂದದ್ದು 22ಕ್ಕೆ. 55,100 ಖರ್ಚಿಗೆ 40,325 ಸಿಕ್ಕಿತು. ಡಬ್ಬದ 12,000 ಇದರಾಚೆ. ಡೊಂಕನ್ನು ತಟ್ಟಿ ನೇರ ಮಾಡಿಸಿ ಅದನ್ನೇ ಹಾಕಿಕೊಂಡಿದ್ದೇನೆ, ಮಳೆ ನೀರು ಒಳಗೆ ಬರುತ್ತದೆ.

ಕಳೆದುಕೊಂಡದ್ದರಲ್ಲಿ ನೋ ಕ್ಲೈಮ್ ಬೋನಸನ್ನೂ ಸೇರಿಸಬೇಕು. ಡಿಸೆಂಬರಿಗೆ 25%ದಿಂದ 35%ಕ್ಕೆ ಏರಬೇಕಿದ್ದದ್ದು ಸೊನ್ನೆಯಾಗುತ್ತದೆ, ಈ ಬೈಕಿಗೆ ಜಿಎಸ್‌ಟಿ ಸೇರಿ ಸುಮಾರು 1,000 ರೂ. ನಷ್ಟ, ಮತ್ತೆ ಏರುವವರೆಗೆ ಮುಂದಿನ ವರ್ಷಗಳಲ್ಲೂ ಇಷ್ಟಿಷ್ಟು. ಬರೀ ಒಂದು ಹ್ಯಾಂಡ್ ಗಾರ್ಡ್ ಮುರಿದಿದ್ದರೆ 800 ರೂ.ಗಾಗಿ ಕ್ಲೈಮ್ ಹಾಕುವುದು ದಂಡ.

ಈಗ ಬಾಕಿ ಉಳಿದಿರುವ ಕೆಲಸ ಒಂದು. ಎಡ ಲ್ಯಾಂಪ್ ಹೊಸದು, ಅದರ ಸೀರಿಯಲ್ ನಂಬರ್ ಬೇರೆ. ಪಾಲಿಸಿಯ ಕಡತದಲ್ಲಿ ಇರುವುದು ಒಡೆದುಹೋದ ಲ್ಯಾಂಪಿನದು. ಹೊಸ ಬಿಲ್ಲು, ಫೋಟೋ ಲಗತ್ತಿಸಿ ಬ್ರಾಂಚಿಗೆ ಇಮೇಲ್ ಕಳಿಸಿದ್ದೇನೆ, ಎಂಡಾರ್ಸ್‌ಮೆಂಟ್ ಇನ್ನೂ ಬಂದಿಲ್ಲ.